ದೀಪದ ಗೂಡಿನಲ್ಲಿ ಕೂತ ಸ್ಪೀಕರ್

ನಾನು ಒಂದು ಸ್ಪೀಕರ್. ಎತ್ತರ ಒಂದೂವರೆ ಗೇಣು. ಒತ್ತಿದ ಹಲಗೆ ನನ್ನ ಮೈ, ಆಲಿಕೆಯಂಥ ಕಪ್ಪು ಕಾಗದ ನನ್ನ ಗಂಟಲು. ಕಾರ್ಖಾನೆಯಲ್ಲಿ ಒಂದೇ ದಿನ ನಾವು ಆರು ಜನ ಹುಟ್ಟಿದೆವು. ಎದುರಿಗೆ ಕೂರುವವರು ಮೂವರು, ನೆಲದ ಮೇಲೆ ಕೂತು ಗುಡುಗುವ ದಪ್ಪನೆಯವನೊಬ್ಬ, ಕೇಳುವವರ ಬೆನ್ನ ಹಿಂದೆ ಇರುವವರು ನಾವಿಬ್ಬರು. ಸಿನಿಮಾದ ಮಾತೆಲ್ಲ ನಡುವಿನ ಅಣ್ಣನ ಪಾಲು. ನಮಗೆ ಬರುವುದು ಮಳೆ, ಗಾಳಿ, ಯಾರೋ ನಡೆದು ಹೋದ ಸಪ್ಪಳ. ಇಷ್ಟು ವರ್ಷದಲ್ಲಿ ನಾನು ಒಂದು ಮಾತನ್ನೂ ಪೂರ್ತಿ ಆಡಿಲ್ಲ. ಅದೇ ಮುಂದೆ ನನ್ನ ಜೀವ ಹಿಂಡಿತು.

ಮೊದಲು ಕೊಂಡ ಹಲ್ಲಿನ ಡಾಕ್ಟರು ನನ್ನನ್ನು ಸೂರಿನ ಮೂಲೆಗೆ ತೂಗುಹಾಕಿ ಮರೆತರು. ಮೂರು ವರ್ಷ ಹಲ್ಲಿಗಳ ಜೊತೆ ಕಳೆದೆ. ಆಮೇಲೆ ನಮ್ಮನ್ನು ಹುಬ್ಬಳ್ಳಿಯ ವಿರೂಪಾಕ್ಷಪ್ಪ ಕೊಂಡರು. ರೈಲ್ವೆ ವರ್ಕ್‌ಶಾಪಿನಲ್ಲಿ ಸುತ್ತಿಗೆಯ ಸಪ್ಪಳ ಕೇಳುತ್ತಲೇ ನಿವೃತ್ತರಾದವರು. ಇನ್ನಾದರೂ ಚೆಂದದ ಸಪ್ಪಳ ಕೇಳಬೇಕೆಂದು ಅವರ ಆಸೆ.

ನಡುಮನೆಯಲ್ಲಿ ಕುರ್ಚಿ ಹಾಕಿ, ಟೇಪು ಹಿಡಿದು ಎರಡು ದಿನ ಅಳೆದರು. ಹಿಂದಿನವು ಕಿವಿಗಿಂತ ಸ್ವಲ್ಪ ಮೇಲಿರಬೇಕು, ಎರಡೂ ಕುರ್ಚಿಗೆ ಸಮದೂರ ಇರಬೇಕು. ಬಲಗಡೆಯವನಿಗೆ ಸ್ಟೂಲು ಸಿಕ್ಕಿತು. ಎಡಗಡೆ ಜಾಗವಿರಲಿಲ್ಲ. ಅಲ್ಲಿದ್ದದ್ದು ಪಕ್ಕದ ಮನೆಗೂ ಇವರಿಗೂ ನಡುವಿನ ಒಂದೇ ಗೋಡೆ, ಅದರಲ್ಲಿ ಹಳೆಯ ದೀಪದ ಗೂಡು. ನನ್ನನ್ನು ಅದರೊಳಗೆ ಕೂರಿಸಿದರು.

"ದೀಪಾ ಇಡೋ ಜಾಗಾದಾಗ ಈ ಡಬ್ಬಿ ಇಡ್ತೀರೇನ್ರಿ?" ಎಂದರು ಹೆಂಡತಿ ಅನಸೂಯಾ.

"ಇದೂ ದೀಪಾನ. ಕಿವಿಗಿ ಹಚ್ಚಿದ್ದು."

ಗೂಡಿನ ಹಿಂದೆ ಗೋಡೆ ಒಂದೇ ಇಟ್ಟಿಗೆಯಷ್ಟು ದಪ್ಪ. ಆಚೆಗೆ ಕಸ್ತೂರವ್ವನ ಒಲೆ. ಆಕೆ ಕಡಕ್ ರೊಟ್ಟಿ ಬಡಿದು ಅಂಗಡಿಗಳಿಗೆ ಕೊಡುತ್ತಿದ್ದಳು, ಅಂಗಳದಲ್ಲಿ ಸಂಡಿಗೆ ಒಣಗಿಸುತ್ತಿದ್ದಳು. ಸೊಸೆ ಸುವರ್ಣಾ ನರ್ಸು, ಹಗಲೆಲ್ಲ ಆಸ್ಪತ್ರೆಯಲ್ಲಿ. ರೊಟ್ಟಿ ಬಡಿಯುವ ತಾಳ ನನ್ನ ಬೆನ್ನಿಗೆ ತಾಕುತ್ತಿತ್ತು. ನನ್ನ ಸಪ್ಪಳವೂ ಅತ್ತ ಹೋಗುತ್ತದೆಂದು ನನಗೆ ಹೊಳೆಯಲಿಲ್ಲ.

ಒಂದು ಮಧ್ಯಾಹ್ನ ಸಿನಿಮಾದಲ್ಲಿ ಜೋರು ಮಳೆ ಬಂತು. ಮನಸಾರೆ ಸುರಿಸಿದೆ. ಗೋಡೆಯಾಚೆ ತಾಳ ತಟ್ಟನೆ ನಿಂತಿತು, ಯಾರೋ ಓಡಿದರು. ಸಂಜೆ ಕಸ್ತೂರವ್ವ ಸೊಸೆಗೆ ಹೇಳುವುದು ಕೇಳಿಸಿತು: "ಮಳಿ ಬಂತಂತ ಶಂಡಿಗಿ ಎತ್ತಾಕ ಓಡಿದ್ನೆ. ನೋಡಿದ್ರ ಸುಡು ಬಿಸಲು."

ಆ ಮಳೆ ನನ್ನದೇ. ಮರುದಿನ ಅದೇ ಮಳೆಯನ್ನು ಮತ್ತೆ ಹಚ್ಚಿದರು, ಮತ್ತೆ ಹಾಗೇ ಆಯಿತು. ಇನ್ನೊಂದು ದಿನ ಸಿನಿಮಾದಲ್ಲಿ ಯಾರೋ ಬೂಟು ಹಾಕಿಕೊಂಡು ನಡೆದರು. ಕಸ್ತೂರವ್ವ ಲಟ್ಟಣಿಗೆ ಹಿಡಿದು ಮನೆಯೆಲ್ಲ ಹುಡುಕಿದಳು. ಮಾತು ಕೇಳಿಸಿದ್ದರೆ ಪಕ್ಕದ ಮನೆಯ ಸಿನಿಮಾ ಎಂದು ತಿಳಿಯುತ್ತಿದ್ದಳು. ನನ್ನ ಹತ್ತಿರ ಮಾತೇ ಇರಲಿಲ್ಲ. ಓಣಿಯವರಿಗೆ ನಗೆಯಾಯಿತು. "ಕಸ್ತೂರವ್ವಾ, ಇವತ್ತ ಎಷ್ಟು ಗಂಟೇಕ ಮಳಿ?" ಎಂದು ಬಾಗಿಲಲ್ಲೇ ಕೇಳುವರು.

ಸುವರ್ಣಾ ಮಾತ್ರ ನಗಲಿಲ್ಲ. "ಅತ್ತಿ, ಇಲ್ಲದ್ದು ಕೇಳೋರನ್ನ ಬೆಂಕಿ ಮುಂದ ಬಿಟ್ಟು ನಾ ಹೆಂಗ ಡ್ಯೂಟಿಗಿ ಹೋಗ್ಲಿ? ಐತಾರ ಒಲಿ, ಸಿಲಿಂಡರ್ ಎರಡೂ ತಗಸ್ತೀನಿ."

"ರೊಟ್ಟಿ ಬಡಿಯೋದು ಬಿಟ್ರ ನಾ ಏನಾಗಿ ಇರ್ಲಿ?"

ಆ ವಾರವೆಲ್ಲ ರಿಮೋಟ್ ಕಂಡಾಗಲೆಲ್ಲ ಗಂಟಲು ಹರಿದುಹೋಗಲಿ ಎಂದು ಬೇಡಿಕೊಂಡೆ. ತಂತಿಯಲ್ಲಿ ಬಂದದ್ದನ್ನು ಒಲ್ಲೆ ಎನ್ನುವ ಶಕ್ತಿ ನಮ್ಮ ಜಾತಿಗೆ ಇಲ್ಲ.

ಐತವಾರ ಬೆಳಿಗ್ಗೆ ವಿರೂಪಾಕ್ಷಪ್ಪನವರಿಗೆ ಕುರ್ಚಿ ಒಂದು ಗೇಣು ಹಿಂದಿರಬೇಕಿತ್ತು ಎನ್ನಿಸಿತು. ಕುರ್ಚಿ ಸರಿಸಿದ ಮೇಲೆ ನಮ್ಮ ದನಿಗಳನ್ನು ಮತ್ತೆ ಸಮ ಮಾಡಬೇಕು. ಅದಕ್ಕೆ ಒಬ್ಬೊಬ್ಬರಿಂದಲೂ ಬರೀ 'ಸುಸ್ಸ್' ಎಂಬ ಸಪ್ಪಳ ಹೊರಡಿಸುತ್ತಾರೆ. ನನ್ನ ಸರದಿ ಬಂತು. ಒಂದೇ ಸಮನೆ ಬುಸುಗುಟ್ಟಿದೆ.

ಆಚೆ ಸುವರ್ಣಾಳ ದನಿ: "ಅತ್ತಿ, ಗ್ಯಾಸ್! ಹೊರಗ ನಡೀರಿ."

"ನಿನಗೂ ಕೇಳಸ್ತೈತೇನ?" ಎಂದಳು ಕಸ್ತೂರವ್ವ. ಆ ದನಿಯಲ್ಲಿ ಹೆದರಿಕೆ ಇರಲಿಲ್ಲ.

ಅತ್ತೆ ಸೊಸೆ ಇಬ್ಬರೂ ನಮ್ಮ ಬಾಗಿಲಿಗೆ ಬಂದರು. "ಕಾಕಾ, ಸಿಲಿಂಡರ್ ಬಂದ್ ಐತಿ, ವಾಸನಿ ಇಲ್ಲ, ಬುಸುಬುಸು ಮಾತ್ರ ನಿಂದರವಲ್ದು," ಎಂದ ಸುವರ್ಣಾ, ಅದೇ ಸಪ್ಪಳ ಗೂಡಿನಿಂದ ಬರುವುದು ಕೇಳಿ ನನ್ನತ್ತ ಬೆರಳು ತೋರಿಸಿದಳು. ವಿರೂಪಾಕ್ಷಪ್ಪ ರಿಮೋಟ್ ಒತ್ತಿದರು. ಸಪ್ಪಳ ನಿಂತಿತು.

ಕಸ್ತೂರವ್ವ ನೇರ ಗೂಡಿಗೆ ಬಂದು ನನ್ನ ಮುಂದೆ ಕಿವಿಯಿಟ್ಟಳು. ಹಿಟ್ಟಿನ ವಾಸನೆಯ ಕೈ ನನ್ನ ತಲೆಯ ಮೇಲಿತ್ತು.

"ಮಳಿ ಐತೇನ ಇದರಾಗ? ಹಚ್ಚು, ವಿರೂಪಾಕ್ಷಪ್ಪ."

ಹಚ್ಚಿದರು. ನಾನು ಹೆದರುತ್ತಲೇ ಸುರಿಸಿದೆ. ಕಣ್ಣು ಮುಚ್ಚಿ ಕೇಳಿದಳು. "ಇದ. ನೋಡು, ನಡುವ ಒಮ್ಮೆ ಗುಡಗತೈತಿ." ಗುಡುಗಿತು.

ಸುವರ್ಣಾ ಸೆರಗಿನಿಂದ ಮುಖ ಒರೆಸಿಕೊಂಡಳು. "ತಪ್ಪಾತ್ರಿ, ಅತ್ತಿ."

"ನನ್ನ ಮುಂದ ಒಮ್ಮೆ ಕುಂತು ಕೇಳಿದ್ದಿದ್ರ ಸಾಕಿತ್ತವ್ವ," ಎಂದು ಕಸ್ತೂರವ್ವ ಎದ್ದಳು. ಮನೆಯಲ್ಲಿ ನಾದಿಟ್ಟ ಹಿಟ್ಟು ಒಣಗುತ್ತಿತ್ತು.

ನನ್ನನ್ನು ಗೂಡಿನಿಂದ ತೆಗೆದರು. ಕೆಲವು ವರ್ಷಕ್ಕೆ ನಮಗೆ ದನಿ ಕೊಡುವ ಯಂತ್ರವೇ ಕೆಟ್ಟಿತು. ಒಡಹುಟ್ಟಿದವರು ಗುಜರಿಗೆ ಹೋದರು. ನನ್ನನ್ನು ಮಾತ್ರ ಕಸ್ತೂರವ್ವ ಕೇಳಿ ತೆಗೆದುಕೊಂಡಳು. ಈಗ ಅವಳ ಒಲೆಯ ಪಕ್ಕ ನಿಂತಿದ್ದೇನೆ, ತಲೆಯ ಮೇಲೆ ಜೋಳದ ಹಿಟ್ಟಿನ ಡಬ್ಬಿ. ತಂತಿ ಇಲ್ಲ. ಆದರೂ ಯಾರಾದರೂ 'ಏನದು ಸಪ್ಪಳ' ಎಂದರೆ ಇವತ್ತಿಗೂ ಅಳುಕುತ್ತೇನೆ. ಒಬ್ಬರಿಗೆ ಸುಖ ಕೊಡುವಾಗ ಗೋಡೆಯಾಚೆ ಇನ್ನೊಬ್ಬರ ಮೇಲಿನ ನಂಬಿಕೆ ಕರಗುತ್ತಿರಬಹುದೆಂದು ನನಗೆ ತಿಳಿದದ್ದು ತಡವಾಗಿ.

ಮೊನ್ನೆ ಐತವಾರ ಮಧ್ಯಾಹ್ನ ಕಸ್ತೂರವ್ವ ರೊಟ್ಟಿ ಬಡಿಯುತ್ತಲೇ, "ಎಲ್ಲೋ ದೂರ ಗುಡುಗಿತು," ಎಂದಳು. ಬಾಗಿಲಲ್ಲಿ ಬಿಸಿಲು ಬಿದ್ದಿತ್ತು. ಸುವರ್ಣಾ ಆಕಾಶ ನೋಡಲಿಲ್ಲ. ಊಟದ ತಟ್ಟೆ ಕೆಳಗಿಟ್ಟು, ಸಂಡಿಗೆ ಎತ್ತಲು ಎದ್ದಳು.