ಕೋಟಿನ ಜೇಬಿನಲ್ಲಿ ಭದ್ರವಾಗಿದ್ದ ಹಣ

ನಮ್ಮ ಬೀದಿಯಲ್ಲಿ ಮೊದಲು ಹನ್ನೊಂದು ಅಂಗಡಿಗಳಿದ್ದವು. ಒಂದೊಂದೇ ಮುಚ್ಚಿ ಕೊನೆಗೆ ಎರಡು ಉಳಿದವು. ಒಂದು ಇಸ್ತ್ರಿ ಮಾವನದು, ಪಕ್ಕದ್ದು ಹೊಲಿಗೆಯವಳದು. ನಡುವೆ ಬರೀ ಹಲಗೆಯ ಗೋಡೆ. ಮಾವನ ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು, ಮಕ್ಕಳಿಲ್ಲ. ದಿನಕ್ಕೆ ಅವನೊಡನೆ ನಾಲ್ಕು ಮಾತಾಡುವವಳು ಆ ಹೊಲಿಗೆಯವಳೊಬ್ಬಳೇ.

"ಮಾವ, ಊಟ ಆಯ್ತಾ?"

"ಆಯ್ತು ಕಣಮ್ಮ. ನಿಂದು?"

ಅಷ್ಟೇ ಮಾತು. ಆ ಅಷ್ಟಕ್ಕಾಗಿಯೇ ಮಾವ ಭಾನುವಾರವೂ ಅಂಗಡಿ ತೆರೆಯುತ್ತಿದ್ದ.

ಮಾವನ ಬಳಿ ದುಡ್ಡಿತ್ತು, ಯಾರಿಗೂ ಗೊತ್ತಿರಲಿಲ್ಲ. ಯಾರೋ ಇಸ್ತ್ರಿಗೆ ಕೊಟ್ಟು ಮರೆತುಹೋದ ಕಪ್ಪು ಕೋಟೊಂದು ಗೂಟದಲ್ಲಿ ನೇತಾಡುತ್ತಿತ್ತು. ಅದರ ಒಳಜೇಬೇ ಅವನ ತಿಜೋರಿ. ನೋಟುಗಳನ್ನೂ ಇಸ್ತ್ರಿ ಮಾಡಿ, ಗರಿಗರಿಯಾಗಿ ಒಳಗಿಡುತ್ತಿದ್ದ. ಕೋಟಿನ ಯಜಮಾನ ಬಂದರೆ ಏನು ಗತಿ ಎಂದು ಯೋಚಿಸಿದವನೇ ಅಲ್ಲ.

ಬೀದಿಯ ಕೊನೆಯಲ್ಲಿ ಊರಿನವರದೇ ಒಂದು ಸಣ್ಣ ಬ್ಯಾಂಕು. ಅಲ್ಲಿ ಕೆಲಸ ಮಾಡುವ ಹುಡುಗಿ ತಿಂಗಳಿಗೊಮ್ಮೆ ಬಂದು ಮಾವನ ತಲೆ ತಿನ್ನುತ್ತಿದ್ದಳು.

"ಮಾವ, ಒಂದು ಖಾತೆ ತೆಗೀರಿ."

"ನೀವು ನನ್ನ ದುಡ್ಡು ತಗೊಂಡು ಇನ್ಯಾರಿಗೋ ಕೊಡ್ತೀರಂತೆ?"

"ಕೊಡ್ತೀವಿ, ಅದೇ ನಮ್ಮ ಕೆಲಸ. ನೂರು ಜನ ಸ್ವಲ್ಪ ಸ್ವಲ್ಪ ಇಟ್ರೆ ಒಬ್ಬರಿಗೆ ಹಿಟ್ಟಿನ ಗಿರಣಿ ಬರುತ್ತೆ, ಇನ್ನೊಬ್ಬರಿಗೆ ಸರಕಿನ ಗಾಡಿ. ಅವರು ನಾಲ್ಕು ಜನಕ್ಕೆ ಕೆಲಸ ಕೊಡ್ತಾರೆ. ಅವರು ಕಟ್ಟೋ ಬಡ್ಡೀಲಿ ನಿಮಗೂ ಪಾಲು. ದೇಶ ಬೆಳೆಯೋದು ಹೀಗೇ ಮಾವ, ಆಕಾಶದಿಂದ ಉದುರೋಲ್ಲ."

"ನಂಗೆ ತಟ್ಟನೆ ಬೇಕಾದ್ರೆ?"

"ಬಂದು ತಗೊಳ್ಳಿ. ಇಟ್ಟ ದುಡ್ಡು ವಾಪಸ್ ಕೇಳಿದವರಿಗೆ ಅಂತ ಒಂದು ಪಾಲು ಎತ್ತಿಟ್ಟೇ ಸಾಲ ಕೊಡೋದು."

"ನೋಡೋಣ ನೋಡೋಣ," ಎಂದು ಮಾವ ಅವಳನ್ನು ಸಾಗಹಾಕುತ್ತಿದ್ದ.

ಹೀಗಿರುವಾಗ ಹೊಲಿಗೆಯವಳಿಗೆ ಮುನ್ನೂರು ಶಾಲಾ ಸಮವಸ್ತ್ರದ ಆರ್ಡರ್ ಸಿಕ್ಕಿತು. ಇನ್ನೆರಡು ಮೋಟಾರು ಮಷೀನು ಬೇಕು. ಸಾಲಕ್ಕೆ ಅರ್ಜಿ ಹಾಕಿದಳು. ಹದಿನೈದು ದಿನಕ್ಕೆ ಮುಖ ಸಣ್ಣದು ಮಾಡಿಕೊಂಡು ಬಂದಳು.

"ಅರ್ಜಿ ಸರಿಯಾಗೇ ಇದೆಯಂತೆ ಮಾವ. ಆದ್ರೆ ಬ್ಯಾಂಕಲ್ಲಿ ದುಡ್ಡಿಡೋರೇ ಕಮ್ಮಿಯಂತೆ. ಸಾಲ ಕೊಡೋಕೆ ಇದ್ದದ್ದು ಮುಗೀತಂತೆ. ಮುಂದಿನ ವರ್ಷ ಬನ್ನಿ ಅಂದ್ರು."

ಮಾವ ಕೋಟಿನ ಕಡೆ ನೋಡಿದ.

ಅವನೇ ಕೈಗಡ ಕೊಡಬಹುದಿತ್ತಲ್ಲ ಎನ್ನುತ್ತೀರಾ? ಅವನೊಬ್ಬನ ದುಡ್ಡು ಒಂದು ಮಷೀನಿಗೂ ಸಾಲುತ್ತಿರಲಿಲ್ಲ. ಆದರೆ ಬೀದಿಯಲ್ಲಿ ಅಂಥ ಕೋಟುಗಳು ಎಷ್ಟಿದ್ದವೋ! ನಮ್ಮ ಮನೆಯಲ್ಲಿ ಅದು ಹಳೆಯ ಶೂ ಪೆಟ್ಟಿಗೆ. ಒಪ್ಪಿಕೊಳ್ಳಲು ನನಗೆ ನಾಚಿಕೆಯಾಗುತ್ತದೆ.

ಆರ್ಡರ್ ಬೇರೆ ಊರಿನವರ ಪಾಲಾಯಿತು. ತಿಂಗಳೊಳಗೆ ಹೊಲಿಗೆಯವಳು ಸಾಮಾನನ್ನು ಗಾಡಿಗೆ ಹೇರಿದಳು. ದೂರದ ಪಟ್ಟಣದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು.

"ಬರ್ತೀನಿ ಮಾವ. ಹೊತ್ತುಹೊತ್ತಿಗೆ ಊಟ ಮಾಡಿ."

ಮಾವ ತಲೆಯಾಡಿಸಿದ. ಆ ದಿನ ಮೊದಲ ಸಲ ಗಿರಾಕಿಯೊಬ್ಬರ ಅಂಗಿ ಸುಟ್ಟ.

ಆಮೇಲೆ ಹಲಗೆಯ ಆಚೆ ಸದ್ದಿಲ್ಲ. ಮಧ್ಯಾಹ್ನ ಡಬ್ಬಿ ಬಿಚ್ಚಿ, ಮಾವ ಅಭ್ಯಾಸಬಲದಿಂದ ಗೋಡೆಯ ಕಡೆ ತಿರುಗಿ ಕೂರುತ್ತಿದ್ದ. ಇಡೀ ದಿನ ಬಾಯಿ ತೆರೆಯದೆ ಅಂಗಡಿ ಮುಚ್ಚಿದ ದಿನಗಳೂ ಇದ್ದವು. ಜೇಬಿನ ದುಡ್ಡಿಗೆ ಕಳ್ಳ ಬರಲಿಲ್ಲ, ಇಲಿ ಕಡಿಯಲಿಲ್ಲ, ಕೋಟಿನ ಯಜಮಾನನೂ ಬರಲಿಲ್ಲ. ಒಂದು ನೋಟೂ ಕಡಿಮೆಯಾಗಿರಲಿಲ್ಲ. ಮಾವನಿಗೆ ಅದೇ ಸಹಿಸಲಾಗಲಿಲ್ಲ.

ಒಂದು ಬೆಳಿಗ್ಗೆ ಬ್ಯಾಂಕಿಗೆ ಹೋಗಿ ದುಡ್ಡನ್ನೆಲ್ಲ ಮೇಜಿನ ಮೇಲಿಟ್ಟ.

"ತಗೊಳಮ್ಮ. ಈಗ ಅವಳು ವಾಪಸ್ ಬರ್ತಾಳಾ?"

ಬ್ಯಾಂಕಿನ ಹುಡುಗಿ ಸುಳ್ಳು ಹೇಳಲಿಲ್ಲ. "ಇಲ್ಲ ಮಾವ. ಆದ್ರೆ ಇನ್ನೊಬ್ಬರು ಹೋಗದೆ ಉಳೀಬಹುದು."

ಮಾವ ನೋಟುಗಳನ್ನು ಅವಳ ಕಡೆ ಸರಿಸಿದ. "ಎಲ್ಲಿ ಸಹಿ ಹಾಕ್ಬೇಕು?" ಎಂದ.

ಸುದ್ದಿ ಕೇಳಿ ನಾನೂ ಶೂ ಪೆಟ್ಟಿಗೆ ಖಾಲಿ ಮಾಡಿದೆ. ವರ್ಷದೊಳಗೆ ನಮ್ಮ ಸುತ್ತಿನ ನಲವತ್ತು ಮನೆಗಳು ಖಾತೆ ತೆರೆದವು. ಈಗ ಆ ಖಾಲಿ ಅಂಗಡಿಯಲ್ಲಿ ಅದೇ ಬ್ಯಾಂಕಿನ ಸಾಲದಿಂದ ಪಂಪು ರಿಪೇರಿ ಮಾಡುವ ಗಂಡಹೆಂಡತಿ ಇದ್ದಾರೆ. ಒಳ್ಳೆಯ ಜನ, ಕೈತುಂಬ ಕೆಲಸ. ಮಾವನಿಗೆ ಅವರ ಬಗ್ಗೆ ಸಂತೋಷವಿದೆ. ಹೊಲಿಗೆಯವಳ ನೆನಪು ಮಾತ್ರ ಹೋಗಿಲ್ಲ, ಹೋಗುವುದೂ ಇಲ್ಲ.

ಓದುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ದುಡ್ಡು ಎಲ್ಲೋ ಸುಮ್ಮನೆ ಮಲಗಿರಬಹುದು. ಬ್ಯಾಂಕಿಗೆ ಪರವಾನಗಿ ಇದೆಯೇ ಎಂದು ಮೊದಲು ವಿಚಾರಿಸಿ. ಪಾಸ್‌ಬುಕ್ಕನ್ನು ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಿ. ಅನುಮಾನವಿದ್ದರೆ ಹತ್ತು ಪ್ರಶ್ನೆ ಕೇಳಿ, ಯಾರೂ ಬೇಡವೆನ್ನುವುದಿಲ್ಲ. ಆದರೆ ಹೋಗಿ. ನಿಮ್ಮ ಪಕ್ಕದವರ ಅಂಗಡಿ ಇನ್ನೂ ತೆರೆದಿರುವಾಗಲೇ ಹೋಗಿ.