ಕೂಡಿಟ್ಟ ಬೆಳಿಗ್ಗೆಗಳು

ಬಲೂನೊಂದು ಮೇಲಿನ ಟ್ಯೂಬ್‌ಲೈಟಿಗೆ ತಾಗಿ ತಾಗಿ ಕಿರುಗುಟ್ಟುತ್ತಿದೆ, ಬಿಸಿಗೆ ಈಗಲೋ ಆಗಲೋ ಒಡೆಯುತ್ತದೆ, ಯಾರಾದರೂ ಒಂದು ಗೇಣು ಕೆಳಗೆ ಎಳೆದು ಕಟ್ಟಬಾರದೆ — ನನ್ನ ಕಣ್ಣಿಗೆ ಬೀಳುವುದೆಲ್ಲ ಇಂಥದ್ದೇ, ಗಾಜು ನೋಡಿ ನೋಡಿ ಬಂದ ಅಭ್ಯಾಸ, ಕನ್ನಡಕದ ಗಾಜುಗಳನ್ನು ಒಂದೊಂದಾಗಿ ದೀಪಕ್ಕೆ ಹಿಡಿದು ಗೀರು, ಗುಳ್ಳೆ ಹುಡುಕುವ ಕೆಲಸ, ಹೋದ ಶುಕ್ರವಾರದವರೆಗೆ ಅದು ನನ್ನ ಕೆಲಸ, ಈಗ ನಾನು ನಿವೃತ್ತಳು, ಬರುವಾಗ ಬಸ್ಸಿನಲ್ಲಿ ಆ ಪದವನ್ನು ಬಾಯೊಳಗೇ ಹೇಳಿಕೊಂಡು ನೋಡಿದೆ, ನಲವತ್ತಾರಕ್ಕೇ ನಿವೃತ್ತಳು, ಪಕ್ಕದ ಸೀಟಿನವಳು ತಿರುಗಿ ನೋಡಿದಳು, ಸ್ವಲ್ಪ ಜೋರಾಗಿಯೇ ಅಂದೆನೇನೋ. ಇದು ನಮ್ಮ ಯಜಮಾನರ ಆಫೀಸಿನ ಊಟದ ಹಾಲ್, ಲಿಫ್ಟ್ ಕೂರಿಸುವ, ರಿಪೇರಿ ಮಾಡುವ ಕಂಪನಿ, ಇಷ್ಟು ವರ್ಷದಲ್ಲಿ ನಾನು ಒಳಗೆ ಕಾಲಿಟ್ಟಿದ್ದು ಇವತ್ತೇ ಮೊದಲು, ನಿನ್ನೆ ರಿಸೆಪ್ಷನ್ ಹುಡುಗಿ ಫೋನ್ ಮಾಡಿ, ಅಕ್ಕ, ನಾಳೆ ಸಂಜೆ ಸರ್‌ಗೊಂದು ಪಾರ್ಟಿ, ನೀವು ಬರ್ಲೇಬೇಕು, ಅವರಿಗೆ ಮಾತ್ರ ಹೇಳ್ಬೇಡಿ, ಅಂದಳು, ನಾನು ಬೀಳ್ಕೊಡುಗೆ ಅಂದುಕೊಂಡೆ, ಇನ್ನೇನು ಅಂದುಕೊಳ್ಳಲಿ, ಇವರೂ ರಾಜೀನಾಮೆ ಕೊಟ್ಟಾಗಿದೆಯಲ್ಲ, ನೀಲಿ ಬಟ್ಟೆ ಇಸ್ತ್ರಿ ಮಾಡಿ ಹಾಕಿಕೊಂಡು ಬಂದೆ, ಎದುರು ಗೋಡೆಯ ಮೇಲೆ ಬಣ್ಣದ ಕಾಗದದ ಅಕ್ಷರಗಳು, ಹೊಸ ಹುದ್ದೆಗೆ ಅಭಿನಂದನೆಗಳು, ಯಾರಿಗಪ್ಪಾ ಬಡ್ತಿ, ಓ, ಎರಡು ಪಾರ್ಟಿ ಒಟ್ಟಿಗೇ ಇಟ್ಟುಕೊಂಡಿದ್ದಾರೆ, ಖರ್ಚು ಉಳಿಯಲಿ ಅಂತ, ಜಾಣರು — ನಿಜವಾಗಿಯೂ ಹಾಗೇ ಅಂದುಕೊಂಡೆ, ಮನಸ್ಸು ಎಷ್ಟು ದೂರ ಓಡಿಹೋಗಿ ಬಚ್ಚಿಟ್ಟುಕೊಳ್ಳುತ್ತದೆ, ಅಷ್ಟರಲ್ಲಿ ಇವರ ದೊಡ್ಡ ಸಾಹೇಬರು ಗಂಟಲು ಸರಿಮಾಡಿಕೊಂಡು, ಇನ್ಮೇಲೆ ಇಡೀ ಸರ್ವೀಸ್ ವಿಭಾಗಕ್ಕೆ ಇವರೇ ಹೆಡ್ಡು, ಐದು ವರ್ಷ ಎಲ್ಲೂ ಹೋಗಲ್ಲ ಅಂತ ಸೈನ್ ಹಾಕಿಸ್ಕೊಂಡಿದೀನಿ, ಓಡಿಹೋಗೋ ಹಾಗಿಲ್ಲ ನೋಡಿ, ಅಂದರು, ಚಪ್ಪಾಳೆ, ಶಿಳ್ಳೆ, ಇವರು ಎರಡೂ ಕೈ ಎತ್ತಿ ನಗುತ್ತ ತಿರುಗಿದವರು ಬಾಗಿಲಲ್ಲಿ ನಿಂತ ನನ್ನನ್ನು ಕಂಡರು.

ನಗು ತಕ್ಷಣ ಹೋಗಲಿಲ್ಲ, ಅದು ನನ್ನನ್ನು ಇರಿಯುತ್ತಿದೆ, ಹೋಗುವುದಕ್ಕೆ ಸ್ವಲ್ಪ ಹೊತ್ತು ತೆಗೆದುಕೊಂಡಿತು, ಅಷ್ಟು ಗಟ್ಟಿಯಾದ ನಗು, ಮನೆಯಲ್ಲಿ ಆ ನಗುವನ್ನು ನಾನು ಕಂಡೇ ಇಲ್ಲ. ಆಮೇಲೆ ಯಾರೋ ಬೆನ್ನು ತಳ್ಳಿದರು, ಬನ್ನಿ ಅಕ್ಕ, ಮುಂದೆ ಬನ್ನಿ, ನೀವಿಲ್ದೆ ಕೇಕ್ ಕಟ್ ಮಾಡ್ತೀವಾ, ಈಗ ನನ್ನ ಬಾಯಲ್ಲಿ ಕೇಕಿನ ತುಂಡಿದೆ, ಇವರೇ ಇಟ್ಟದ್ದು, ನುಂಗಲೂ ಆಗುತ್ತಿಲ್ಲ ಉಗುಳಲೂ ಆಗುತ್ತಿಲ್ಲ, ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದಾರೆ, ನಗಬೇಕು, ನಗುತ್ತಿದ್ದೇನೆ. ಆ ಸೋಮವಾರ — ಇಬ್ಬರೂ ಒಂದೇ ದಿನ ರಾಜೀನಾಮೆ ಕೊಡುವುದು ಎಂದು ಮಾತಾಗಿತ್ತು, ನಾನು ಬೆಳಿಗ್ಗೆಯೇ ಕೊಟ್ಟೆ, ನಮ್ಮ ಮೇಲ್ವಿಚಾರಕಿ ಕನ್ನಡಕ ತೆಗೆದು, ಯಾಕಮ್ಮ, ಮನೇಲಿ ಕೂತು ಏನ್ಮಾಡ್ತೀಯ, ಅಂದಳು, ಬದುಕ್ತೀನಿ ಮೇಡಂ, ಅಂದೆ, ಎಷ್ಟು ಜಂಬ ಆ ಉತ್ತರದಲ್ಲಿ, ಸಂಜೆ ಇವರು ಬಂದಾಗ, ಕೊಟ್ರಾ, ಅಂತ ಕೇಳಿದೆ, ಹೂಂ ಹೂಂ ಆಯ್ತು, ನಿಂದು? ಅಂದರು, ನಂದೂ ಆಯ್ತು, ಅಂದೆ, ಇವರು ಸುಮ್ಮನೆ ಅಡುಗೆಮನೆಗೆ ಹೋಗಿ ನೀರು ಕುಡಿದರು, ಇನ್ನೊಂದು ಲೋಟ ತುಂಬಿಸಿ ಅದನ್ನೂ ಕುಡಿದರು, ಖುಷಿಗೆ ಗಂಟಲು ಒಣಗಿದೆ ಪಾಪ ಅಂತ ನಾನು ಬಾಗಿಲಿಗೊರಗಿ ನೋಡುತ್ತಿದ್ದೆ. ನಮ್ಮಲ್ಲಿ ನೋಟಿಸ್ ಅವಧಿ ಜಾಸ್ತಿ ಕಣೇ, ನೀನು ಮೊದ್ಲು ಆರಾಮಾಗು, ನಾನು ಹಿಂದೇನೇ ಬರ್ತೀನಿ, ಅಂದರು. ನನ್ನ ಕುರ್ಚಿಯ ಜಾಗದಲ್ಲಿ ಈಗ ಕ್ಯಾಮರಾ ಯಂತ್ರ ಕೂರಿಸಿದ್ದಾರೆ, ಶುಕ್ರವಾರವೇ ಅದರ ಪೆಟ್ಟಿಗೆ ಬಂದಿತ್ತು, ವಾಪಸು ಹೋಗಿ ಕೂರುವುದಕ್ಕೆ ಕುರ್ಚಿಯೇ ಇಲ್ಲ.

ಅಕ್ಕ, ಇವತ್ತಾದ್ರೂ ಇನ್ನೊಂದು ಪೀಸ್ ತಗೊಳ್ಳಿ, ಕಂಪನಿ ದುಡ್ಡು, ನಿಮ್ಮ ಲೆಕ್ಕಕ್ಕೆ ಬರಲ್ಲ — ಇದು ದಪ್ಪ ಮೀಸೆಯ ಮೆಕ್ಯಾನಿಕ್, ಎಲ್ಲರೂ ನಕ್ಕರು, ನನ್ನ ಲೆಕ್ಕ ಇವನಿಗೆ ಹೇಗೆ ಗೊತ್ತು, ಅದಕ್ಕೆ ಅವನ ಪಕ್ಕದವನು ಕೇಕಿನ ತಟ್ಟೆ ಎತ್ತಿ ಹಿಡಿದು, ಸರ್, ಈ ಕೇಕು ಎಷ್ಟು ಬೆಳಿಗ್ಗೆ ತಿನ್ನತ್ತೆ ಸರ್? ಎಂದ, ಮತ್ತೆ ನಗು, ಇನ್ನೂ ಜೋರು, ಇವರು ಮಾತ್ರ ಈ ಸಲ ನಗಲಿಲ್ಲ, ತಲೆ ತಗ್ಗಿಸಿದರು, ಸಾಕು ಸುಮ್ನಿರ್ರೋ, ಅಂದರು. ಬೆಳಿಗ್ಗೆ. ಅದು ನಮ್ಮಿಬ್ಬರ ಮಾತು, ಲೋಕದಲ್ಲಿ ಇಬ್ಬರಿಗೆ ಮಾತ್ರ ಗೊತ್ತಿದ್ದ ಮಾತು, ಮದುವೆಯಾದ ಹೊಸದರಲ್ಲಿ ನನಗೆ ಹಗಲು ಪಾಳಿ ಇವರಿಗೆ ರಾತ್ರಿ ಪಾಳಿ, ಬಾಗಿಲಲ್ಲಿ ಬೀಗದ ಕೈ ಒಬ್ಬರ ಕೈಯಿಂದ ಒಬ್ಬರ ಕೈಗೆ, ಹಾಸಿಗೆ ಇನ್ನೂ ಬೆಚ್ಚಗಿರುತ್ತಿತ್ತು ಇನ್ನೊಬ್ಬರ ಮೈಯಿಂದ, ನಾವು ಗಂಡ ಹೆಂಡ್ತಿ ಅಲ್ಲ ಕಣೇ, ಒಂದೇ ರೂಮಿನ ಇಬ್ಬರು ಬಾಡಿಗೆದಾರರು, ಅಂತ ನಗಿಸುತ್ತಿದ್ದರು, ಹಾಗೆ ನಗಿಸುತ್ತಲೇ ಒಂದು ದಿನ, ಬೇಗ ಕೆಲಸ ಬಿಟ್ಬಿಡೋಣ, ಕೂಡಿಡೋಣ, ಬೆಳಿಗ್ಗೆ ಕಾಫಿ ಹಿಡ್ಕೊಂಡು ಎದುರುಬದುರು ಕೂತ್ಕೊಳೋದಕ್ಕೆ ಅಂತಾನೇ ಕೂಡಿಡೋಣ, ಅಂದವರು ಇವರೇ, ನಾನಲ್ಲ. ಅಂದಿನಿಂದ ಖರ್ಚನ್ನೆಲ್ಲ ಬೆಳಿಗ್ಗೆಗಳಲ್ಲೇ ಎಣಿಸುವುದು, ಅಂಗಡಿ ಮುಂದೆ ನನ್ನ ಕಾಲು ನಿಧಾನವಾದರೆ ಮೊಣಕೈ ತಟ್ಟಿ, ಆ ಸ್ವೆಟರು ಮೂರು ಬೆಳಿಗ್ಗೆ ತಿನ್ನತ್ತೆ, ಅನ್ನುವುದು, ಹೋಟೆಲಿನ ಹೆಸರೆತ್ತಿದರೆ, ಒಂದು ಬೆಳಿಗ್ಗೆ ಅರ್ಧ ಸಂಜೆ, ಅನ್ನುವುದು, ನಮಗೆ ಹಟ ಸಡಿಲವಾದಾಗಲೆಲ್ಲ ಬಿಗಿ ಮಾಡುತ್ತಿದ್ದದ್ದು ಆ ಒಂದು ಮಾತು, ನನ್ನ ಅಕ್ಕ ಆಡಿಕೊಳ್ಳುತ್ತಿದ್ದಳು, ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು ಕಣೇ, ಹಾಸಿಗೆ ಇದ್ದಷ್ಟು ಕಾಲು ಚಾಚಿ ಸುಮ್ನೆ ಕೆಲಸಕ್ಕೆ ಹೋಗ್ತಾ ಇರಿ, ಅದಕ್ಕಿವರು, ನಾವು ಕಾಲು ಮಡಚ್ಕೊಂಡೇ ಮಲಗ್ತೀವಿ ಅತ್ತಿಗೆ, ಆಮೇಲೆ ಹಾಸಿಗೇನೇ ದೊಡ್ಡದು ಮಾಡ್ಕೋತೀವಿ — ಎಂಥ ಮಾತುಗಾರ. ಅಕ್ಕನ ಜೊತೆ ಸಮುದ್ರ ನೋಡಲು ಹೋಗಲಿಲ್ಲ ನಾನು, ಕರೆದಾಗಲೆಲ್ಲ ಆಮೇಲೆ ಅಂದೆ, ಅವಳು ಕರೆಯುವುದನ್ನು ಬಿಟ್ಟಳು, ಹಲ್ಲು ಕಟ್ಟಿಸಲಿಲ್ಲ, ಎಡಗಡೆ ಅಗಿಯುವುದನ್ನೇ ಮರೆತೆ, ಈಗಲೂ ಈ ಕೇಕನ್ನು ಬಲಗಡೆಗೇ ತಳ್ಳಿಕೊಂಡಿದ್ದೇನೆ, ಅದೆಲ್ಲ ಇಲ್ಲಿ ಊಟದ ಹಾಲ್‌ನಲ್ಲಿ ತಟ್ಟೆ ಹಿಡಿದು ನಗುವ ಮಾತು, ನಮ್ಮನೆಯವಳಿಗೆ ಉಳಿಸೋ ಹುಚ್ಚು ಅಂತ ಹೇಳಿರಬೇಕು, ನಮ್ಮನೆಯವಳಿಗೆ, ಅವಳಿಗೆ ಮಾತ್ರ, ತಾನು ಪಕ್ಕದಲ್ಲಿ ನಿಂತು ನೋಡುವವನ ಹಾಗೆ. ತಗ್ಗಿದ ಇವರ ಕಣ್ಣನ್ನು ಹಿಂಬಾಲಿಸಿ ನಾನೂ ನೆಲ ನೋಡಿದೆ, ಆಗ ಕಂಡದ್ದು ಇವರ ಕಾಲಿನ ಬೂಟು, ಕಪ್ಪು, ಹೊಸದು, ಟ್ಯೂಬ್‌ಲೈಟಿನ ಬೆಳಕು ಅದರ ಮೂತಿಯ ಮೇಲೆ ಉದ್ದಕ್ಕೆ ಬಿದ್ದಿದೆ, ಒಂದು ಗೀರಿಲ್ಲ. ಬೆಳಿಗ್ಗೆ ಮನೆಯಿಂದ ಹೊರಟ ಕಾಲಲ್ಲಿ ಕಂದು ಬೂಟಿತ್ತು, ಅಟ್ಟೆ ಬದಲಿಸಿ ಬದಲಿಸಿ ಹಾಕುವ ಕಂದು ಬೂಟು.

ಸರ್ ಕ್ಯಾಬಿನ್‌ನಲ್ಲಿ ಕೂತ್ಕೊಳ್ಳಿ ಅಕ್ಕ, ಫೋಟೋ ಮುಗಿದ್ಮೇಲೆ ಕಳಿಸ್ತೀನಿ, ಎಂದು ಹುಡುಗಿ ನನ್ನನ್ನು ಇಲ್ಲಿ ಕೂರಿಸಿ ಹೋದಳು, ನನ್ನ ಮುಖ ಅವಳಿಗೆ ಏನು ಹೇಳಿತೋ, ಬಾಗಿಲನ್ನು ಮೆಲ್ಲಗೆ ಹಾಕಿಕೊಂಡಳು. ಅಚ್ಚುಕಟ್ಟಾದ ಕೋಣೆ, ಕಿಟಕಿಗೆ ಗಿಡ, ಯಾರೋ ದಿನಾ ನೀರು ಹಾಕುತ್ತಾರೆ, ಮೇಜಿನ ಮೇಲೆ ಬಿಚ್ಚಿಟ್ಟ ಲಿಫ್ಟಿನ ಗುಂಡಿ, ತಂತಿ, ಮನೆಯಲ್ಲಿ ಗಿಡ ಬೇಡ ಕುಂಡಕ್ಕೆ ದುಡ್ಡು ಅಂದವರು, ಮೇಜಿನ ಕೆಳಗೆ — ಇಲ್ಲಿದೆ, ಕಂದು ಬೂಟಿನ ಜೋಡಿ, ಒಂದರ ಪಕ್ಕ ಒಂದು, ಒಳಗೆ ಮುದುಡಿದ ಕಾಲುಚೀಲ, ಸಂಜೆಗೆ ಕಾಯುತ್ತ ಕೂತಿದೆ. ದಿನಾ ಬಂದು ಇದನ್ನು ಬಿಚ್ಚಿ ಅದನ್ನು ಹಾಕಿಕೊಳ್ಳುತ್ತಾರೆ, ಸಂಜೆ ಅದನ್ನು ಬಿಚ್ಚಿ ಇದನ್ನು ಹಾಕಿಕೊಂಡು ನನ್ನ ಹತ್ತಿರ ಬರುತ್ತಾರೆ, ವೇಷದವರ ಹಾಗೆ, ಎಷ್ಟು ದಿನದಿಂದಲೋ, ಎಷ್ಟು ಜೊತೆ ಬೂಟು ಸವೆದು ಹೋದವೋ ಇಲ್ಲೇ. ಕೂಡಿಟ್ಟ ಹಣ ಇದೆ, ಒಂದು ಕಾಸೂ ಅಲುಗಿಲ್ಲ, ಅದು ನನಗೆ ಗೊತ್ತು, ಕದ್ದಿದ್ದರೆ ಕಳ್ಳ ಅನ್ನಬಹುದಿತ್ತು, ಒಂದು ಪದ ಸಿಗುತ್ತಿತ್ತು. ಪ್ರಾಕ್ಟೀಸ್ ಭಾನುವಾರಗಳು — ತಿಂಗಳಿಗೊಂದು ಭಾನುವಾರ ನಿವೃತ್ತರಾದ ಹಾಗೇ ಬದುಕಿ ನೋಡುತ್ತಿದ್ದೆವು, ಅಲಾರಂ ಇಲ್ಲ, ಫೋನು ಬೀರುವಿನಲ್ಲಿ, ಕಾಫಿ ಆರುವವರೆಗೆ ಮಾತು, ಊಟವಾದ ಮೇಲೆ ಪಾರ್ಕಿನ ಬೆಂಚು, ನಾನು ಬೆಂಚಿಗೆ ಹೊಂದಿಕೊಂಡೆ, ಇವರು ಒಮ್ಮೆ ಮಧ್ಯಾಹ್ನ ಕಾಣೆಯಾದರು, ಹುಡುಕಿದರೆ ನಮ್ಮ ಕಟ್ಟಡದ ತಾರಸಿಯ ಮೇಲಿನ ಲಿಫ್ಟಿನ ಮೋಟರು ಕೋಣೆಯಲ್ಲಿ, ಮೊಣಕೈವರೆಗೂ ಗ್ರೀಸು, ಕಿರ್ ಅಂತಿತ್ತು ಕಣೇ, ನೋಡೋಣ ಅಂತ, ಎಂದು ಕಳ್ಳ ಮಗುವಿನ ಹಾಗೆ ನಕ್ಕರು, ನಾನೂ ನಕ್ಕೆ, ಸೋಪು ಕೊಟ್ಟೆ, ಬೆನ್ನಿಗೊಂದು ಗುದ್ದಿದೆ, ಹೊಂದಿಕೊಳ್ಳಲು ಗಂಡಸರಿಗೆ ಸಮಯ ಬೇಕು ಅಂತ ನನಗೆ ನಾನೇ ಹೇಳಿಕೊಂಡೆ, ಕೂದಲೆಳೆಯ ಗೀರು ಕಾಣುವ ನನ್ನ ಕಣ್ಣಿಗೆ ಅದು ಗೀರಾಗಿ ಕಾಣಲಿಲ್ಲ.

ಬಾಗಿಲು ತೆರೆಯಿತು, ಇವರು, ಒಳಗೆ ಬಂದು ನಿಂತರು, ಕೂರಲಿಲ್ಲ, ಹೇಳ್ಬೇಕು ಅಂತಿದ್ದೆ, ಅಂದರು, ಇವತ್ತೇ ಹೇಳ್ತಿದ್ದೆ, ರಾತ್ರಿ ಊಟ ಆದ್ಮೇಲೆ, ಅಂದರು, ಬಾಯಲ್ಲಿ ಈಗ ಕೇಕಿಲ್ಲ, ಯಾವಾಗ ನುಂಗಿದೆನೋ, ಯಾಕೆ ಕೊಡಲಿಲ್ಲ, ಅಂತ ಕೇಳಿದೆ, ನನ್ನ ದನಿ ನನಗೇ ಯಾರದ್ದೋ ಅನಿಸಿತು, ಇವರು ಗಿಡದ ಎಲೆ ಮುಟ್ಟಿದರು, ನೀನು ನಿಜವಾಗ್ಲೂ ಕೊಡ್ತೀಯ ಅಂತ ನಾನು ಅಂದ್ಕೊಂಡಿರ್ಲಿಲ್ಲ ಕಣೇ, ನೀನು ಎಲ್ಲಕ್ಕೂ ಹೆದರೋಳು, ಬಾಗಿಲಿಗೆ ಬೀಗ ಹಾಕಿ ಎರಡು ಸಲ ಜಗ್ಗಿ ನೋಡೋಳು, ಕೊನೇ ಗಳಿಗೇಲಿ ಬೇಡ ಅಂತೀಯ, ಇಬ್ರೂ ನಕ್ಕು ಸುಮ್ನಾಗ್ತೀವಿ ಅಂತ — ಹಾಗಾದ್ರೆ ಇಷ್ಟು ವರ್ಷ? ಅಂದೆ — ಇಷ್ಟು ವರ್ಷ ಅದು ನಮಗೆ ಆಸರೆ ಆಗಿತ್ತಲ್ಲ, ನೀನು ಎಷ್ಟು ಖುಷಿಯಾಗಿರ್ತಿದ್ದೆ ಆ ಬೆಳಿಗ್ಗೆ ಲೆಕ್ಕ ಹಾಕ್ತಾ, ನಾನ್ಯಾಕೆ ಕೆಡಿಸ್ಲಿ ಅಂತ, ಮತ್ತೆ ಈಗ್ಲೂ ಏನಾಯ್ತು ಹೇಳು, ನೀನು ಮನೇಲಿ ಆರಾಮಾಗಿರು, ಅದೇ ತಾನೆ ಬೇಕಿತ್ತು ನಿಂಗೆ, ಐದು ವರ್ಷ ಹೇಗೂ ಕಳೆಯತ್ತೆ. ಅದೇ ತಾನೆ. ನನಗೆ ಬೇಕಿದ್ದದ್ದು ಮನೆಯಲ್ಲಿರುವುದು ಅಂತ ಇವರಿಗೆ ಯಾರು ಹೇಳಿದರು, ನಾಳೆ ಬೆಳಿಗ್ಗೆ ಆಗುತ್ತದೆ, ನಾಡಿದ್ದೂ ಆಗುತ್ತದೆ, ಎಲ್ಲ ಬೆಳಿಗ್ಗೆಗಳೂ ಬರುತ್ತವೆ ಒಂದೂ ಬಿಡದೆ, ಎದುರಿನ ಕುರ್ಚಿ ಆಫೀಸಿಗೆ ಹೋಗಿರುತ್ತದೆ, ಕಾಫಿ ನಾನೊಬ್ಬಳೇ ಆರಿಸಿಕೊಂಡು ಕುಡಿಯಬೇಕು, ಇದನ್ನು ಹೇಳಬೇಕು, ಅಷ್ಟರಲ್ಲಿ ಕಾರಿಡಾರಿನಲ್ಲಿ ಯಾರೋ ಗುಡ್‌ನೈಟ್ ಸರ್ ಅಂದರು, ಗುಡ್‌ನೈಟ್ ಗುಡ್‌ನೈಟ್ ಅಂದರು ಇವರು, ಎಷ್ಟು ಸಲೀಸಾಗಿ, ಆಮೇಲೆ ಗಡಿಯಾರ ನೋಡಿ, ನಡಿ, ಬಸ್ ತಪ್ಪಿಹೋಗತ್ತೆ, ಮನೇಲಿ ಮಾತಾಡೋಣ, ಎಂದು ಕುರ್ಚಿಯ ಮೇಲೆ ಕೂತು, ನನ್ನ ಎದುರಲ್ಲೇ, ನಾನು ನೋಡುತ್ತಿರುವಾಗಲೇ, ಕಪ್ಪು ಬೂಟಿನ ಲೇಸು ಎಳೆದು ಬಿಚ್ಚಿದರು, ಬಿಚ್ಚಿ ಒರೆಸಿ ಕಪಾಟಿನಲ್ಲಿಟ್ಟರು, ಬಗ್ಗಿ ಮೇಜಿನ ಕೆಳಗಿನಿಂದ ಕಂದು ಬೂಟನ್ನು ಎಳೆದುಕೊಂಡರು, ಇನ್ನು ಯಾಕೆ, ಇನ್ನು ಯಾರಿಗೋಸ್ಕರ, ನಾನು ಕಂಡಾಯಿತಲ್ಲ, ಇವರಿಗೆ ಅದು ಹೊಳೆಯಲೂ ಇಲ್ಲ, ಕೈಗೆ ರೂಢಿ, ಕಾಲಿಗೆ ರೂಢಿ, ಹಿಮ್ಮಡಿಗೆ ಬೆರಳು ಹಾಕಿ ಕಾಲನ್ನು ಒಳಗೆ ತೂರಿಸಿ, ನೆಲಕ್ಕೊಮ್ಮೆ ಕುಟ್ಟಿ, ಲೇಸು ಕಟ್ಟುತ್ತಿದ್ದಾರೆ, ಒಂದು ಕುಣಿಕೆ, ಇನ್ನೊಂದು ಕುಣಿಕೆ, ಕಂದು ಬೂಟು, ಮೂತಿ ಸವೆದ ಕಂದು ಬೂಟು, ಮನೆಗೆ ಹಾಕಿಕೊಂಡು ಬರುವ ಬೂಟು —