ಶಕ್ತಿ ಮಾತ್ರೆ ಎಂಬ ಸುಳ್ಳು

ಮಗಳು ಪ್ರಿಯಾಳ ಮೊದಲ ಗೌರಿ ಹಬ್ಬ. ಬಾಗಿನದ ಮೊರ ಹಿಡಿದು ಭಾಗ್ಯಲಕ್ಷ್ಮಿ ಜೀವನ್ ಬಿಮಾ ನಗರದಿಂದ ಕೆ.ಆರ್. ಪುರದ ಬೀಗರ ಮನೆಗೆ ಬಂದಿದ್ದಳು. ಅರಿಶಿನ ಕುಂಕುಮವೆಲ್ಲ ಮುಗಿದ ಮೇಲೆ ಪ್ರಿಯಾಳ ಅತ್ತೆ ವೆಂಕಟಮ್ಮ ಕಾಫಿ ಲೋಟ ಹಿಡಿದು ಎದುರಿಗೆ ಕೂತರು.

"ಬೀಗ್ರೇ, ಪ್ರಿಯಾಗೆ ಕಳಿಸ್ತೀರಲ್ಲ ಶಕ್ತಿ ಮಾತ್ರೆ, ನಂಗೂ ಒಂದು ಡಬ್ಬಿ ತಂದ್ಕೊಡಿ. ಸೊಸೆಯದನ್ನ ಕದ್ದು ತಿನ್ನೋಕೆ ನಾಚಿಕೆ ಆಗತ್ತೆ."

ಭಾಗ್ಯಲಕ್ಷ್ಮಿ ನಗಲು ಹೋದಳು. ನಗು ಅರ್ಧಕ್ಕೇ ನಿಂತಿತು.

ಡಬ್ಬಿಯಲ್ಲಿದ್ದದ್ದು ಶಕ್ತಿ ಮಾತ್ರೆಯಲ್ಲ. ಎರಡು ವರ್ಷದ ಹಿಂದೆ ಪ್ರಿಯಾ ಊಟ ಬಿಟ್ಟು, ಕೆಲಸ ಬಿಟ್ಟು, ಗೋಡೆ ನೋಡುತ್ತ ಮಲಗಿಬಿಟ್ಟಿದ್ದಾಗ ದೊಮ್ಮಲೂರಿನ ಮನೋವೈದ್ಯರು ಬರೆದುಕೊಟ್ಟ ಖಿನ್ನತೆಯ ಮಾತ್ರೆ. ದಿನಕ್ಕೊಂದು. ಹುಡುಗಿ ಮತ್ತೆ ಮನುಷ್ಯಳಾಗಿದ್ದು ಅದರಿಂದಲೇ. ವೆಂಕಟಮ್ಮನವರ ಮಗ ಸೂರ್ಯನ ಜೊತೆ ಮದುವೆ ಗೊತ್ತಾದಾಗ, "ಸೂರ್ಯನಿಗೆ ಹೇಳ್ಬಿಡ್ತೀನಮ್ಮ" ಎಂದಿದ್ದಳು. ಬೇಡವೆಂದವಳು ಭಾಗ್ಯಲಕ್ಷ್ಮಿ. ಮಾತ್ರೆಗಳನ್ನು ಸ್ಟ್ರಿಪ್ಪಿನಿಂದ ಒಂದೊಂದಾಗಿ ಬಿಡಿಸಿ, ಖಾಲಿ ವಿಟಮಿನ್ ಡಬ್ಬಿಗೆ ತುಂಬಿ, ಮೂರು ತಿಂಗಳಿಗಾಗುವಷ್ಟನ್ನು ಒಟ್ಟಿಗೇ ಚಕ್ಕುಲಿಯ ಜೊತೆ ಕಳಿಸುತ್ತಿದ್ದವಳೂ ಅವಳೇ.

"ಎಷ್ಟು ದಿನದಿಂದ ತಗೋತಿದೀರಿ?"

"ಮೂರು ವಾರ ಆಯ್ತೇನೋ. ಬೆಳಿಗ್ಗೆ ಒಂದು, ಸಂಜೆ ಒಂದು. ನಿಮ್ಮ ಮಗಳು ಕಡ್ಡಿ, ಅವಳಿಗೆ ಒಂದು ಸಾಕು. ನನ್ನ ಗಾತ್ರಕ್ಕೆ ಎರಡಾದ್ರೂ ಬೇಡ್ವಾ?" ವೆಂಕಟಮ್ಮ ತಮ್ಮ ಮಾತಿಗೆ ತಾವೇ ನಕ್ಕರು. "ಮಂಡಿನೋವಿನ ಮಾತ್ರೆ ಜೊತೇಲೇ ನುಂಗಿಬಿಡ್ತೀನಿ. ಆದ್ರೆ ಹೊಟ್ಟೆ ತೊಳಸತ್ತೆ ರೀ. ಇಲ್ನೋಡಿ, ಬಾಗಿಲು ಸ್ವಲ್ಪ ತಗುಲಿದ್ದಕ್ಕೇ ಹಿಂಗೆ ನೀಲಿ ಕಟ್ಟಿದೆ."

ಅಡುಗೆಮನೆಯ ಬಾಗಿಲಲ್ಲಿ ಪ್ರಿಯಾ ಬಿಳಿಚಿಕೊಂಡು ನಿಂತಿದ್ದಳು. ಬೇರೆ ಯಾರಿಗೂ ಕೊಡಬೇಡಿ, ನನ್ನನ್ನು ಕೇಳದೆ ನೋವಿನ ಮಾತ್ರೆ ಜೊತೆ ತಗೋಬೇಡಿ, ಒಳಗೆ ರಕ್ತ ಹೋಗಬಹುದು ಎಂದು ಡಾಕ್ಟರು ತಾಯಿ ಮಗಳಿಬ್ಬರನ್ನೂ ಕೂರಿಸಿಕೊಂಡು ಹೇಳಿದ್ದರು.

"ಅದು ಉಷ್ಣ ರೀ, ನಿಮಗೆ ಒಗ್ಗಲ್ಲ. ಬಿಟ್ಬಿಡಿ." ಮಾತು ಎಷ್ಟು ಸಲೀಸಾಗಿ ಬಂತೆಂದರೆ ಭಾಗ್ಯಲಕ್ಷ್ಮಿಗೇ ಹೇಸಿಗೆಯಾಯಿತು.

"ಅಷ್ಟೇನಾ? ಬಿಟ್ರಾಯ್ತು." ವೆಂಕಟಮ್ಮ ದನಿ ತಗ್ಗಿಸಿದರು. "ಎರಡು ದಿನದಿಂದ ಕಕ್ಕಸು ಟಾರಿನ ಹಾಗೆ ಕಪ್ಪಗೆ ಹೋಗ್ತಿದೆ. ಅದೂ ಉಷ್ಣಕ್ಕೇ ಇರ್ಬೇಕು."

ಡಾಕ್ಟರು ಹೇಳಿದ್ದ ಒಳಗಿನ ರಕ್ತ ಅದೇ. ಇನ್ನು ಬಾಯಿ ಮುಚ್ಚಿಕೊಂಡರೆ ಆ ಜೀವಕ್ಕೇ ಕುತ್ತು. ಬಾಯಿ ಬಿಟ್ಟರೆ ಮಗಳ ಸಂಸಾರ ಏನಾಗುತ್ತದೋ ಎಂಬ ಭಯ. ಭಾಗ್ಯಲಕ್ಷ್ಮಿ ಎದ್ದು ನಿಂತಳು.

"ಆಸ್ಪತ್ರೆಗೆ ಹೊರಡಿ, ಈಗಲೇ. ಅದು ಶಕ್ತಿ ಮಾತ್ರೆಯಲ್ಲ. ಪ್ರಿಯಾ ಮನಸ್ಸಿನ ಕಾಯಿಲೆಗೆ ತಗೊಳ್ಳೋದು. ಡಬ್ಬಿ ಬದಲಾಯಿಸಿದ್ದು ನಾನು, ಅವಳಲ್ಲ."

ವೆಂಕಟಮ್ಮ ಲೋಟವನ್ನು ನಿಧಾನವಾಗಿ ಕೆಳಗಿಟ್ಟರು. "ಕಾಯಿಲೆ ಮುಚ್ಚಿಟ್ರಿ, ಹೆತ್ತ ಕರುಳು ಅಂದ್ಕೋತೀನಿ. ಡಬ್ಬಿ ಮೇಲೂ ಸುಳ್ಳು ಯಾಕ್ರೀ? ಒಳಗೆ ಇರೋದು ಏನು ಅಂತ ನನ್ನ ಹೊಟ್ಟೆಗೆ ಹೆಂಗೆ ಗೊತ್ತಾಗ್ಬೇಕು?"

ಪ್ರಿಯಾ ಆಗಲೇ ಆಟೋ ಕರೆದಿದ್ದಳು.

ತುರ್ತು ವಿಭಾಗದ ಡಾಕ್ಟರು, "ಯಾರ ಮಾತ್ರೆ ಇದು?" ಎಂದಾಗ, "ನನ್ನದು" ಎಂದು ಪ್ರಿಯಾ ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಮು, ಎಲ್ಲವನ್ನೂ ಸ್ಪಷ್ಟವಾಗಿ ಹೇಳಿದಳು. ಪಕ್ಕದಲ್ಲಿ ಆಫೀಸಿನಿಂದ ಓಡಿಬಂದ ಸೂರ್ಯ ನಿಂತಿದ್ದ. ಡಾಕ್ಟರು ವೆಂಕಟಮ್ಮನವರ ಎರಡೂ ಮಾತ್ರೆ ನಿಲ್ಲಿಸಿ, ಹೊಟ್ಟೆಯಲ್ಲಿ ರಕ್ತ ಒಸರಿದೆ ಎಂದು ಅಡ್ಮಿಟ್ ಮಾಡಿಕೊಂಡರು. ಪ್ರಿಯಾಗೆ, "ನಿಮ್ಮದು ಮುಂದುವರಿಸಿ. ಗಾಬರಿಗೆ ಒಂದೇ ಸಲ ಬಿಟ್ರೆ ಅದೂ ತೊಂದರೆಯೇ. ನಿಮ್ಮ ಡಾಕ್ಟರನ್ನ ಕೇಳಿಯೇ ಬಿಡಬೇಕು. ಮಾತ್ರೆ ಅದರ ಸ್ಟ್ರಿಪ್ಪಿನಲ್ಲೇ ಇರಲಿ" ಎಂದರು. ಸೂರ್ಯ ತಲೆಯಾಡಿಸಿದ. ಹೆಂಡತಿಯನ್ನು ಒಂದು ಮಾತೂ ಕೇಳಲಿಲ್ಲ. ಅದು ಒಳ್ಳೆಯದೋ ಕೆಟ್ಟದ್ದೋ ಭಾಗ್ಯಲಕ್ಷ್ಮಿಗೆ ತಿಳಿಯಲಿಲ್ಲ.

ಸಂಜೆಯ ಹೊತ್ತಿಗೆ, ಸದ್ಯಕ್ಕೆ ಅಪಾಯವಿಲ್ಲ ಎಂದರು. ವೆಂಕಟಮ್ಮ ಮಲಗಿದ್ದಲ್ಲಿಂದಲೇ, "ಬೀಗ್ರು ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಪ್ರಿಯಾ, ಮನೆಗೆ ಕರ್ಕೊಂಡ್ಹೋಗಿ ಹೋಳಿಗೆ ಬಡಿಸು" ಎಂದರು.

"ಅಮ್ಮ ಅವರ ಮನೆಗೆ ಹೊರಡ್ತಾರೆ, ಅತ್ತೆ" ಎಂದಳು ಪ್ರಿಯಾ, ಅತ್ತೆಯ ಹೊದಿಕೆ ಸರಿಮಾಡುತ್ತ. "ನಾನು ಇಲ್ಲೇ ಇರ್ತೀನಿ."

"ಹೌದು, ಹೊರಟೆ" ಎಂದಳು ಭಾಗ್ಯಲಕ್ಷ್ಮಿ.